ಹನ್ನೊಂದು ಮೊದಲ ಬಹುಮಾನ

ಜನರನ್ನು ಕೆಳಗಿಳಿಸುವುದು ನನ್ನ ಕೆಲಸ. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅಂತ ಬೇರೆ ಊರುಗಳಲ್ಲಿ ಮಾತಿಗೆ ಹೇಳುತ್ತಾರಂತೆ. ನಮ್ಮ ಊರಿನಲ್ಲಿ ನಿಜವಾಗಿಯೂ ನಿಲ್ಲುವುದಿಲ್ಲ. ಕಾಫಿ ಹದವಾಗಿದ್ದರೆ ನಾಲ್ಕು ಬೆರಳು, ಕಳೆದ ಬೀಗದ ಕೈ ಸಿಕ್ಕಿದರೆ ಒಂದು ಗೇಣು, ಮಗಳು ಪರೀಕ್ಷೆ ಪಾಸಾದರೆ ಒಂದಾಳು. ಅಷ್ಟಕ್ಕೆಲ್ಲ ಯಾರೂ ನನ್ನನ್ನು ಕರೆಯುವುದಿಲ್ಲ. ಮನೆಯವರೇ ಸೆರಗೋ ಪಂಚೆಯ ತುದಿಯೋ ಹಿಡಿದು ಎಳೆದುಕೊಳ್ಳುತ್ತಾರೆ. ಸೂರಿಗಿಂತ ಮೇಲೆ ಹೋದವರಿಗೆ ಮಾತ್ರ ಪುರಸಭೆಯವರು ನನ್ನನ್ನು ನೇಮಿಸಿದ್ದಾರೆ. ತುದಿಗೆ ಬಟ್ಟೆ ಸುತ್ತಿದ ಕೊಕ್ಕೆಯ ಬಿದಿರ ಗಳ ಒಂದು, ಉದ್ದದ ಹಗ್ಗ ಒಂದು, ಮತ್ತೆ ಒಂದು ನೋಟ್‌ಬುಕ್ಕು, ಇವು ನನ್ನ ಹತಾರಗಳು. ನೋಟ್‌ಬುಕ್ಕಿನಲ್ಲಿ ನಲ್ಲಿ ನೀರಿನ ವೇಳಾಪಟ್ಟಿ, ಹಳೆಯ ಸಭೆಗಳ ನಡಾವಳಿ, ಚರಂಡಿಯ ಅಳತೆ ಇಂಥವನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ಮೇಲಿದ್ದವರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಬೇಸರ ಬಂದ ಹಾಗೆಲ್ಲ ಅವರು ಗರಿಯ ಹಾಗೆ ಇಳಿಯುತ್ತಾರೆ.

ದುಃಖದಿಂದಲೂ ಇಳಿಸಬಹುದು, ಆದರೆ ದುಃಖವಾದರೆ ಜನ ಕಲ್ಲಿನ ಹಾಗೆ ಬೀಳುತ್ತಾರೆ. ಅದಕ್ಕೇ ನಮ್ಮಪ್ಪ ಈ ಗಳ ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದ: "ಈರಣ್ಣ, ಹತ್ತಡಿ ಮೇಲಿದ್ದವರಿಗೆ ಕೆಟ್ಟ ಸುದ್ದಿ ಹೇಳಬೇಡ." ಇನ್ನೊಂದು ಪದ್ಧತಿ ಊರಿನವರೆಲ್ಲ ಪಾಲಿಸಿಕೊಂಡು ಬಂದದ್ದು. ಮೇಲೆ ಹೋದವರನ್ನು "ಯಾಕೆ?" ಅಂತ ಕೇಳಬಾರದು. ಅತ್ತೆ ಊರಿಗೆ ಹೊರಟ ಬೆಳಿಗ್ಗೆ ಸೊಸೆ ಸೂರು ದಾಟಿ ಹೋದಳು ಅಂತಿಟ್ಟುಕೊಳ್ಳಿ. ಕೇಳಿದರೆ ಪಾಪ ಅವಳಾದರೂ ಏನು ಹೇಳಬೇಕು? ಹಾಗಾಗಿ ನಾವು ಕತ್ತೆತ್ತಿ ನೋಡಿ, "ಒಳ್ಳೇದಾಗ್ಲಿ" ಅಂದು ಮುಂದೆ ಹೋಗಿಬಿಡುತ್ತಿದ್ದೆವು.

ನಮ್ಮ ಓಣಿಯ ಕೊನೆಯಲ್ಲಿ ಹಿಟ್ಟಿನ ಗಿರಣಿಯಿದೆ. ಅದನ್ನು ನಡೆಸುವವರು ಗಂಡ ಹೆಂಡತಿ. ಗಂಡ ಶಿವನಂಜಪ್ಪ ಹಗುರ ಮನುಷ್ಯ. ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದರೆ ಸಾಕು, ಆತನ ಹಿಮ್ಮಡಿ ಎದ್ದುಬಿಡುತ್ತಿತ್ತು. ಗಿರಾಕಿ ಒಂದು ನಗೆಮಾತು ಹೇಳಿದರೆ ತಕ್ಕಡಿಯ ಮೇಲೆ ತೇಲುತ್ತಿದ್ದ. ಹೆಂಡತಿ ಆತನ ಸೊಂಟಕ್ಕೆ ಹಳೆಯ ಸೀರೆ ಸುತ್ತಿ ಗಿರಣಿಯ ಕಂಬಕ್ಕೆ ಕಟ್ಟಿರುತ್ತಿದ್ದಳು. ಆ ಹೆಂಡತಿಯನ್ನು ಊರೆಲ್ಲ ಗಿರಣಿಯಮ್ಮ ಅಂತ ಕರೆಯುತ್ತಿತ್ತು. ಐವತ್ತೆಂಟು ವಯಸ್ಸು, ಹುಬ್ಬಿನ ಮೇಲೂ ಹಿಟ್ಟು, ಮಾತು ಕಡಿಮೆ, ಕೆಲಸ ಜಾಸ್ತಿ. ಆಕೆಯ ಪಾದ ನೆಲ ಬಿಟ್ಟದ್ದನ್ನು ನೋಡಿದವರಿಲ್ಲ. ಮಗನ ಮದುವೆಯ ದಿನವೂ ಆಕೆ ನೆಲದ ಮೇಲೇ ನಿಂತು, ಹಾರಿದ ಬೀಗರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದೆಳೆದು ಎಲೆಯ ಮುಂದೆ ಕೂರಿಸಿದ್ದಳು.

ಒಂದು ಗುರುವಾರ ಮಧ್ಯಾಹ್ನ ಊಟ ಮುಗಿಸಿ ಗಳಕ್ಕೆ ಎಣ್ಣೆ ಸವರುತ್ತಿದ್ದೆ. ಶಿವನಂಜಪ್ಪ ಓಡಿ ಬಂದ. ಆತನ ಚಪ್ಪಲಿ ದಪದಪ ಅಂತ ನೆಲಕ್ಕೆ ಬಡಿಯುತ್ತಿತ್ತು. ಆ ಸದ್ದು ಕೇಳಿಯೇ ನನಗೆ ದಿಗಿಲಾಯಿತು, ಯಾಕೆಂದರೆ ಆತ ನಡೆದದ್ದು ಯಾವತ್ತೂ ಕೇಳಿಸಿದ್ದಿಲ್ಲ.

"ಈರಣ್ಣ, ನಮ್ಮನೆಯವಳು ಹೋದಳಪ್ಪಾ!" ಅಂದ.

ನಾನು ಗಳ ಹಿಡಿದೇ ಎದ್ದೆ. "ಅಯ್ಯೋ, ಯಾವಾಗಣ್ಣ? ಆಸ್ಪತ್ರೆಗೆ ಕರಕೊಂಡು ಹೋಗಿದ್ರಾ?"

ಆತ ಏದುಸಿರು ಬಿಡುತ್ತ ಬೆರಳನ್ನು ಆಕಾಶದ ಕಡೆಗೆ ತೋರಿಸಿದ.

ಗಿರಣಿಯ ತಗಡಿನ ಸೂರಿನ ಮೇಲೆ, ತೆಂಗಿನ ಗರಿಗಳಿಗೆ ಸಮನಾಗಿ, ಗಿರಣಿಯಮ್ಮ ನಿಂತಿದ್ದಳು. ಐವತ್ತೆಂಟು ವರ್ಷ ಕೂಡಿಟ್ಟದ್ದೆಲ್ಲ ಒಂದೇ ಸಲ ಎದ್ದ ಹಾಗಿತ್ತು. ಆಕೆಯ ಸೀರೆಯಿಂದ ರಾಗಿ ಹಿಟ್ಟು, ಗೋಧಿ ಹಿಟ್ಟು ಸಣ್ಣಗೆ ಉದುರುತ್ತ, ಕೆಳಗೆ ನಿಂತಿದ್ದ ಎಮ್ಮೆಯ ಬೆನ್ನು ಬೆಳ್ಳಗಾಗಿತ್ತು. ಬಲಗೈಯ ಮುಷ್ಟಿಯಲ್ಲಿ ಏನನ್ನೋ ಬಿಗಿಯಾಗಿ ಹಿಡಿದಿದ್ದಳು. ಮುಖ ನೋಡಬೇಕಿತ್ತು ನೀವು, ಹದಿನಾರರ ಹುಡುಗಿಯ ಮುಖ!

"ರೀ! ಖಾತೆ ನಂಬರು ಹೇಳ್ತೀನಿ, ಬರಕೊಳ್ಳಿ!" ಮೇಲಿನಿಂದ ಕೂಗಿದಳು. "ಬ್ಯಾಂಕು ನಾಲ್ಕಕ್ಕೆ ಮುಚ್ಚುತ್ತೆ!"

ಯಾಕೆ ಅಂತ ನಾನು ಕೇಳುವ ಹಾಗಿರಲಿಲ್ಲ. ಶಿವನಂಜಪ್ಪನೇ ನನ್ನ ಕಿವಿಯ ಹತ್ತಿರ ಬಾಯಿ ತಂದ. "ಯಾರಿಗೂ ಹೇಳಬಾರದಂತೆ ಈರಣ್ಣ. ಬಹುಮಾನ ಮನೆ ಬಾಗಿಲಿಗೆ ಬರೋತನಕ ಗುಟ್ಟಾಗಿಡಬೇಕಂತೆ. ಇವಳಿಗೆ ಕಾರು ಬಂದಿದೆ." ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟ. ಉಜ್ಜಿ ನೋಡುವ ಬಹುಮಾನದ ಚೀಟಿ ಅವಳ ಕೈಯಲ್ಲಿದೆ, ಇದು ಅದರ ಜೊತೆ ಅಂಚೆಯಲ್ಲಿ ಬಂದದ್ದು ಅಂದ.

ದಪ್ಪ ಕಾಗದ, ಸುತ್ತ ಬಂಗಾರದ ಬಳ್ಳಿ. ಶ್ರೀ ಮಹಾಲಾಭ ಸಮೃದ್ಧಿ ಕಂಪನಿ ಅಂತ ತಲೆಬರಹ, ಕೆಂಪು ಕಾರಿನ ಚಿತ್ರ, ಅಡಿಯಲ್ಲಿ ಮೂರು ದುಂಡು ಮೊಹರು. ಒಂದು ಮೊಹರಿನಲ್ಲೂ ಓದುವಂಥ ಅಕ್ಷರವಿಲ್ಲ. ಕಂಪನಿಗೆ ಬೀದಿಯಿಲ್ಲ, ಊರಿಲ್ಲ, ಬರೀ ಒಂದು ಮೊಬೈಲ್ ನಂಬರು. "ಮಾನ್ಯ ವಿಜೇತರೇ, ತಮಗೆ ಪ್ರಥಮ ಬಹುಮನ" ಅಂತ ಶುರುವಾಗುತ್ತಿತ್ತು. ಮಾನಕ್ಕೆ ದೀರ್ಘವಿರಲಿಲ್ಲ. ಕೊನೆಯಲ್ಲಿ, ನೋಂದಣಿ ಮತ್ತು ಸಾಗಾಣಿಕೆ ಶುಲ್ಕ ಹನ್ನೆರಡೂವರೆ ಸಾವಿರವನ್ನು ಇಂದೇ ಕಟ್ಟತಕ್ಕದ್ದು, ತಪ್ಪಿದರೆ ಬಹುಮಾನ ಮುಂದಿನವರಿಗೆ ಹೋಗತಕ್ಕದ್ದು.

"ಅಣ್ಣ, ಯಾವ ಲಾಟರಿಯಲ್ಲಿ ಟಿಕೆಟ್ ತಗೊಂಡಿದ್ರಿ?"

"ಯಾವುದರಲ್ಲೂ ಇಲ್ಲ."

"ಟಿಕೆಟ್ಟೇ ತಗೊಳ್ಳದೆ ಗೆದ್ದದ್ದು ಹೇಗೆ?"

"ಅದನ್ನೇ ಅದೃಷ್ಟ ಅನ್ನೋದು ಅಂತ ಫೋನ್ ಮಾಡಿದವನು ಹೇಳಿದನಂತೆ."

"ಬಹುಮಾನ ಕೊಡೋರು ಕೊಡ್ತಾರೋ, ನಮ್ಮ ಹತ್ತಿರವೇ ಕೇಳ್ತಾರೋ?"

ಶಿವನಂಜಪ್ಪನ ಮುಖ ಸಪ್ಪಗಾಯಿತು. "ನಾನೂ ಅಂದೆ ಈರಣ್ಣ. ಕಾಫಿಗೆ ಹಾರೋ ಗಂಡಸು ನೀವು, ನಿಮಗೇನು ತಿಳಿಯುತ್ತೆ ಅಂದುಬಿಟ್ಟಳು. ಗಿರಣಿಗೆ ಹೊಸ ಕಲ್ಲು ಹಾಕಿಸೋಕೆ ಅಂತ ಇಟ್ಟಿದ್ದ ದುಡ್ಡು ಅದು. ಹಾಗಾದರೆ ಇದು ಮೋ..." ಅಂತ ಬಾಯಿ ಅಗಲಿಸಿ ಮೇಲೆ ನೋಡಿದ.

ನಾನು ಎಣ್ಣೆಗೈಯಲ್ಲೇ ಆತನ ಬಾಯಿ ಮುಚ್ಚಿದೆ. ಮೂವತ್ತಡಿ ಮೇಲಿದ್ದಳು ಆಕೆ. ಕೆಳಗೆ ಸವೆದ ಬೀಸುವ ಕಲ್ಲುಗಳ ರಾಶಿ. ಆ ಎರಡಕ್ಷರ ಆಕೆಯ ಕಿವಿಗೆ ಬಿದ್ದಿದ್ದರೆ, ಕಾರಿನ ಮಾತು ಹಾಗಿರಲಿ, ಸೊಂಟದ ಮಾತೂ ಉಳಿಯುತ್ತಿರಲಿಲ್ಲ. "ಮೊದಲು ಇಳಿಸೋಣ, ಆಮೇಲೆ ಹೇಳೋಣ," ಅಂದೆ. "ಅಲ್ಲೀತನಕ ನಂಬರು ಬರೀತಾ ಇರಿ. ನಿಧಾನವಾಗಿ ಬರೀರಿ."

ತಗಡಿನ ಮೇಲೆ ಹತ್ತಿ ಗಳ ಚಾಚಿದೆ. ಎಟುಕಲಿಲ್ಲ. ನೋಟ್‌ಬುಕ್ಕು ತೆಗೆದು ನಲ್ಲಿ ನೀರಿನ ವೇಳಾಪಟ್ಟಿ ಶುರುಮಾಡಿದೆ. "ಒಂದನೇ ವಾರ್ಡು, ಸೋಮವಾರ, ಬೆಳಿಗ್ಗೆ ಆರರಿಂದ ಆರೂವರೆ. ಎರಡನೇ ವಾರ್ಡು..." ಎಂಥೆಂಥ ಉತ್ಸಾಹಿಗಳನ್ನು ಇದರಲ್ಲಿ ಇಳಿಸಿದವನು ನಾನು. ಗಿರಣಿಯಮ್ಮ ಮಾತ್ರ, "ಅದನ್ನ ನಿನ್ನ ಹೆಂಡತಿಗೆ ಓದಿ ಹೇಳಪ್ಪ, ಅವಳಿಗೆ ಉಪಯೋಗಕ್ಕೆ ಬಂದೀತು" ಅಂದು ಇನ್ನೂ ಎರಡು ಮಾರು ಮೇಲೆ ಹೋದಳು. ಕೆಳಗೆ ಶಿವನಂಜಪ್ಪ ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ನಂಬರು ಬರೆಯುತ್ತಿದ್ದ. "ಏಳಾ, ಒಂಬತ್ತಾ?" "ಏಳು ಕಣ್ರೀ!" "ಒಂಬತ್ತಾ?" "ಏಳು! ವಾರಕ್ಕೆ ಎಷ್ಟು ದಿನ?" "ಎಂಟಾ?" ಮೂವತ್ತೊಂದು ವರ್ಷದ ಸಂಸಾರದಲ್ಲಿ ಆತ ಹೆಂಡತಿಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಬೆವರು ಧಾರಾಕಾರವಾಗಿ ಸುರಿಯುತ್ತಿತ್ತು.

ಅಷ್ಟರಲ್ಲಿ ಗಾಳಿ ಎದ್ದಿತು. ಗಿರಣಿಯಮ್ಮ ತೇಲಿಕೊಂಡು ಸಂತೆಬೀದಿಯ ಕಡೆಗೆ ಹೊರಟಳು. ನಾನು ಹಗ್ಗ ಹೆಗಲಿಗೆ ಹಾಕಿ ಓಡಿದೆ, ಶಿವನಂಜಪ್ಪ ಹಿಂದೆ ಓಡಿ ಬಂದ. ಸಂತೆಬೀದಿಯ ಮೂಲೆಯಲ್ಲಿ ಊರಿನ ನೀರಿನ ಟ್ಯಾಂಕಿದೆ, ಎಂಬತ್ತನಾಲ್ಕು ಮೆಟ್ಟಿಲು. ಇಬ್ಬರೂ ಹತ್ತಿದೆವು. ಮೇಲೆ ಮುಟ್ಟಿದಾಗ ಆಕೆ ನಮಗೆ ಸಮಸಮವಾಗಿ, ನಾಲ್ಕು ಮಾರು ದೂರದಲ್ಲಿ, ಸೆರಗು ಬೀಸಿಕೊಳ್ಳುತ್ತ ನಿಂತಿದ್ದಳು. ಹಗ್ಗ ಎಸೆದೆ. "ಸೊಂಟಕ್ಕೆ ಕಟ್ಟಿಕೊಳ್ತೀನಿ, ಆದರೆ ಎಳೆಯೋ ಹಾಗಿಲ್ಲ," ಅಂದಳು. "ಇಷ್ಟು ವರ್ಷ ಊರನ್ನ ಕೆಳಗಿನಿಂದ ನೋಡಿ ಸಾಕಾಗಿದೆ." ಹಗ್ಗದ ಈ ತುದಿಯನ್ನು ನಾನು ಟ್ಯಾಂಕಿನ ಕಂಬಿಗೆ ಸುತ್ತಿ ಹಿಡಿದುಕೊಂಡೆ. ಮತ್ತೆ ನೋಟ್‌ಬುಕ್ಕು ತೆಗೆದೆ. ಮೂರೂವರೆಯಾಗಿತ್ತು.

ಆಗ ಹಳೆಯ ಆಸ್ಪತ್ರೆಯ ಬೀದಿಯ ಮೇಲಿನಿಂದ ಒಂದು ಕರಿ ಛತ್ರಿ ತೇಲಿಕೊಂಡು ಬಂತು. ಛತ್ರಿಯ ಕೆಳಗೆ ಜೈಬುನ್ನೀಸಾ ನರ್ಸಮ್ಮ. ನಿವೃತ್ತಿಯಾಗಿ ಆರು ವರ್ಷವಾಗಿತ್ತು. ನನ್ನನ್ನೂ ಸೇರಿಸಿ ಅರ್ಧ ಊರನ್ನು ಭೂಮಿಗೆ ತಂದ ಕೈ ಅದು. ಆಕೆಯ ಬಲಮುಷ್ಟಿಯೂ ಬಿಗಿದಿತ್ತು.

"ಓಹೋ, ಗಿರಣಿಯಮ್ಮ! ನೀವೂ ಮೇಲೆ? ಒಳ್ಳೇದಾಗ್ಲಿ."

"ನಿಮಗೂ ಒಳ್ಳೇದಾಗ್ಲಿ. ನಮ್ಮ ಎಮ್ಮೆ ಕರು ಹಾಕ್ತು, ಅದಕ್ಕೇ," ಅಂದಳು ಗಿರಣಿಯಮ್ಮ, ಯಾರೂ ಕೇಳದೆಯೇ.

"ಓ! ನಮ್ಮ ಮೊಮ್ಮಗಳಿಗೆ ಹಲ್ಲು ಬಂತು," ಅಂದಳು ನರ್ಸಮ್ಮ.

ಗಿರಣಿಯಮ್ಮನ ಎಮ್ಮೆಗೆ ಕರು ಹಾಕುವ ವಯಸ್ಸು ಕಳೆದು ಬಹಳ ವರ್ಷವಾಗಿತ್ತು. ನರ್ಸಮ್ಮನ ಮೊಮ್ಮಗಳು ಕಾಲೇಜಿನಲ್ಲಿದ್ದಳು. ನಾನೇನು ಹೇಳಲಿ, ಕೇಳುವುದು ಪದ್ಧತಿಯಲ್ಲವಲ್ಲ. ನೋಡುತ್ತಿದ್ದಂತೆ ಹೋಟೆಲಿನ ಭಟ್ಟರು ಸೌಟು ಹಿಡಿದುಕೊಂಡೇ ಮೇಲೆ ಬಂದರು. ಆಮೇಲೆ ಗ್ರಂಥಾಲಯದ ಮೇಷ್ಟ್ರು. ಆಮೇಲೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಕ್ಷೌರದ ಅಣ್ಣತಮ್ಮಂದಿರು, ಒಬ್ಬ ಪೂರ್ವದಿಂದ, ಒಬ್ಬ ಪಶ್ಚಿಮದಿಂದ. ಹತ್ತೇ ನಿಮಿಷದಲ್ಲಿ ಟ್ಯಾಂಕಿನ ಸುತ್ತ ಹನ್ನೊಂದು ಜನ. ಹದಿನೆಂಟು ವರ್ಷದ ನೌಕರಿಯಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಹಗ್ಗ. ಎಲ್ಲರ ಬಲಮುಷ್ಟಿಯೂ ಬಿಗಿದೇ ಇತ್ತು. ಎಲ್ಲರೂ ಒಬ್ಬರಿಗೊಬ್ಬರು ಒಳ್ಳೇದಾಗ್ಲಿ ಒಳ್ಳೇದಾಗ್ಲಿ ಅನ್ನುತ್ತಲೇ, ಕೊರಳು ಉದ್ದ ಮಾಡಿ ಕೆಳಗೆ ತಮ್ಮ ತಮ್ಮ ಮನೆಗಳನ್ನು ನೋಡುತ್ತಿದ್ದರು.

"ನರ್ಸಮ್ಮ," ಅಂದಳು ಗಿರಣಿಯಮ್ಮ ಸ್ವಲ್ಪ ಹೊತ್ತಾದ ಮೇಲೆ, ಏನೂ ಇಲ್ಲದವಳ ಹಾಗೆ. "ಮೇಲಿನಿಂದ ನೋಡಿದರೆ ನಮ್ಮ ಓಣಿ ಎಷ್ಟು ಇಕ್ಕಟ್ಟು ಅಲ್ವಾ? ಸುಮ್ಮನೆ ಕೇಳ್ತೀನಿ. ಅಲ್ಲಿ ಒಂದು ಕಾರು ತಿರುಗುತ್ತಾ?"

"ತಿರುಗಲ್ಲ ಬಿಡಿ. ನಮ್ಮ ಮನೆ ಮುಂದೆಯಾದರೆ ನಿಲ್ಲುತ್ತೆ, ಆದರೆ ಬೇವಿನ ಮರದ ಕೊಂಬೆ ಕಡಿಸಬೇಕು. ಕೆಂಪು ಬಣ್ಣ ನೋಡಿ, ಹಕ್ಕಿ ಹಿಕ್ಕೆ ಹಾಕಿದರೆ ಎದ್ದು ಕಾಣುತ್ತೆ," ಅಂದುಬಿಟ್ಟಳು ನರ್ಸಮ್ಮ.

ಗಿರಣಿಯಮ್ಮ ಬೀಸಿಕೊಳ್ಳುತ್ತಿದ್ದ ಸೆರಗನ್ನು ಕೈಬಿಟ್ಟಳು.

"ನಾನು ಕೆಂಪು ಅಂದೆನಾ?" ಕೇಳಿದಳು ಗಿರಣಿಯಮ್ಮ.

ಭಟ್ಟರು ಸೌಟು ಇಳಿಸಿದರು. "ಹೋಟೆಲ್ ಹಿತ್ತಲಲ್ಲಿ ಸೌದೆ ತೆಗೆಸಿದರೆ ಕಾರಿಗೆ ಜಾಗ ಆಗುತ್ತೆ ಅಂತ ನಾನು ನೋಡ್ತಾ ಇದ್ದೆ," ಅಂದರು ಮೆಲ್ಲಗೆ. "ನಂದೂ ಕೆಂಪೇ."

ಗ್ರಂಥಾಲಯದ ಮೇಷ್ಟ್ರು ಮೊದಲು ಮುಷ್ಟಿ ಬಿಚ್ಚಿದರು. ಆಮೇಲೆ ಭಟ್ಟರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಬೆಳ್ಳಿಯ ಬಣ್ಣ ಉಜ್ಜಿ ತೆಗೆದ ಹನ್ನೊಂದು ಚೀಟಿಗಳು. ಹನ್ನೊಂದರಲ್ಲೂ ಪ್ರಥಮ ಬಹುಮಾನ. ಹನ್ನೊಂದರಲ್ಲೂ ಒಂದೇ ಕ್ರಮಸಂಖ್ಯೆ, ನಾಲ್ಕು ಸೊನ್ನೆ ಹದಿನೇಳು.

ನಾನು ನೋಟ್‌ಬುಕ್ಕು ಎಸೆದು ಕಿರುಚಿದೆ, "ಯಾರೂ ಯೋಚನೆ ಮಾಡಬೇಡಿ! ಯಾರೂ ಏನೂ ಯೋಚನೆ ಮಾಡಬೇಡಿ!" ಆದರೆ ಜನ ಯೋಚನೆ ಮಾಡಿಬಿಟ್ಟಿದ್ದರು. ಮೇಷ್ಟ್ರು ಒಂದು ಮಾರು ಕುಸಿದರು. ಭಟ್ಟರು ಎರಡು ಮಾರು. ಅಣ್ಣತಮ್ಮಂದಿರು ಹತ್ತು ವರ್ಷದ ಮೌನ ಮರೆತು "ಅಣ್ಣಾ!" "ಲೋ ತಮ್ಮಾ!" ಅಂತ ಒಬ್ಬರನ್ನೊಬ್ಬರು ತಬ್ಬಿಕೊಂಡು ಗಿರಗಿರ ತಿರುಗುತ್ತ ಇಳಿದರು. ನರ್ಸಮ್ಮ ಮಾತ್ರ ಚೀಟಿ ನೋಡುತ್ತ, "ನಾನು ನಿನ್ನೆಯೇ ಕಟ್ಟಿಬಿಟ್ಟೆನಲ್ಲಾ," ಅಂದಳು. ಬಹಳ ಸಣ್ಣ ದನಿ. "ಇವತ್ತು ಎರಡನೇ ಕಂತು ಕೇಳಿದ್ದರು. ಅದನ್ನೂ ತಂದಿದ್ದೆ." ಅಷ್ಟು ಹೇಳಿ ಕಲ್ಲಿನ ಹಾಗೆ ಬಿದ್ದಳು. ಛತ್ರಿ ಮಾತ್ರ ಮೇಲೇ ಉಳಿಯಿತು.

ಗಿರಣಿಯಮ್ಮ ಅಂಗೈ ಕೊಡವಿದಳು. ಚೀಟಿ ಗಾಳಿಗೆ ಹೋಯಿತು. ಬಗ್ಗಿ, ಕೈ ಚಾಚಿ, ದಾಟಿ ಹೋಗುತ್ತಿದ್ದ ನರ್ಸಮ್ಮನ ಮಣಿಕಟ್ಟನ್ನು ಹಿಡಿದುಬಿಟ್ಟಳು. ದಿನಕ್ಕೆ ನೂರು ಚೀಲ ಎತ್ತುವ ಕೈ, ಬಿಡುವ ಕೈಯಲ್ಲ. ಇಬ್ಬರ ಭಾರವೂ ಹಗ್ಗದ ಮೇಲೆ ಬಂತು. ನನ್ನ ಅಂಗೈ ಸುಲಿಯಿತು, ಕಾಲು ಜಾರಿತು. ಹಿಂದಿನಿಂದ ಶಿವನಂಜಪ್ಪ ನನ್ನ ಸೊಂಟ ಹಿಡಿದು ಕೂತುಬಿಟ್ಟ. ಗಾಳಿಯ ಹಾಗೆ ಬದುಕಿದ ಮನುಷ್ಯ ಆವತ್ತು ಬೀಸುವ ಕಲ್ಲಿನಷ್ಟು ಭಾರವಾಗಿದ್ದ. ಹಗ್ಗ ನಿಂತಿತು. ಆದರೆ ನರ್ಸಮ್ಮ ಕೆಳಗೆ ಜೋತಾಡುತ್ತ ಕ್ಷಣಕ್ಷಣಕ್ಕೂ ಭಾರವಾಗುತ್ತಿದ್ದಳು. ಹಗ್ಗದ ಎಳೆಗಳು ಪಟಪಟನೆ ಹರಿಯುವುದು ನನಗೆ ಕಾಣುತ್ತಿತ್ತು.

"ಬಿಟ್ಟುಬಿಡಿ ನನ್ನ," ಅಂದಳು ನರ್ಸಮ್ಮ. "ಓದಿದವಳು ನಾನು. ನಾಚಿಕೆಯಾಗುತ್ತೆ."

"ಸುಮ್ಮನಿರಿ. ನಿಮ್ಮೊಬ್ಬರಿಗೇ ಮೋಸ ಮಾಡಿದ್ದರೆ ನಾಚಿಕೆ. ಹನ್ನೊಂದು ಜನ ಅಂದರೆ ಅದು ಮೆರವಣಿಗೆ." ಗಿರಣಿಯಮ್ಮ ಹಲ್ಲು ಕಚ್ಚಿ ಹಿಡಿದಿದ್ದಳು, ಹಣೆಯ ಹಿಟ್ಟೆಲ್ಲ ಬೆವರಿಗೆ ಕಲಸಿ ಅಂಟಾಗಿತ್ತು. "ಜೈಬು, ಇಲ್ಲಿ ಕೇಳು. ಹನ್ನೊಂದು ಕೆಂಪು ಕಾರು ನಿಜವಾಗಲೂ ಬಂದಿದ್ದರೆ ಏನಾಗ್ತಿತ್ತು ಯೋಚನೆ ಮಾಡು. ಸಂತೆಬೀದಿ ತುಂಬ ಕಾರು. ನಮ್ಮ ಎಮ್ಮೆ ಎಲ್ಲಿ ಮಲಗಬೇಕು? ಓಡಿಸೋಕಾದರೂ ಯಾರಿಗೆ ಬರುತ್ತೆ? ನನಗೆ ಬಸ್ಸಲ್ಲಿ ಕೂತರೇ ವಾಂತಿ!"

ನರ್ಸಮ್ಮ ಒಂದು ಸಲ ಬಿಕ್ಕಿದಳು. ಎರಡನೇ ಬಿಕ್ಕು ಅರ್ಧ ನಗೆಯಾಗಿತ್ತು. "ನನಗೆ ಸೈಕಲ್ಲೂ ಬರಲ್ಲ," ಅಂದಳು. ಅಷ್ಟೇ, ಕುಸಿಯುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. "ಗೇಟು ದಾಟಿ ಕಾರು ಒಳಗೆ ಬರುತ್ತೋ ಅಂತ ನಾನು ಬೆಳಗಿನಿಂದ ಅಳತೆ ಪಟ್ಟಿ ಹಿಡಿದು ಅಳೆದದ್ದೇ ಅಳೆದದ್ದು, ಮನೆಗೆ ಗೇಟೇ ಇಲ್ಲ," ಅಂದರು ಮೇಷ್ಟ್ರು. ಅಂಚೆಯವನು ನಾಳೆ ಇನ್ನೆಷ್ಟು ಕಾರು ಹಂಚುತ್ತಾನೋ ಅಂದರು ಭಟ್ಟರು. ನಗೆ ಹತ್ತಿಕೊಂಡಿತು. ಹಗ್ಗ ಸಡಿಲಾಯಿತು. ಬೀಳುತ್ತಿದ್ದವರು ಅರ್ಧದಲ್ಲೇ ನಿಂತು, ತೂಗಾಡಿ, ಮೆಲ್ಲಗೆ ಮತ್ತೆ ಮೇಲಕ್ಕೆ ಬರತೊಡಗಿದರು.

ಆಗಲೇ ಗಿರಣಿಯಮ್ಮನ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ಆಕೆ ಎಡಗೈಯಲ್ಲಿ ತೆಗೆದು, ತುಟಿಯ ಮೇಲೆ ಬೆರಳಿಟ್ಟು ಎಲ್ಲರಿಗೂ ಸನ್ನೆ ಮಾಡಿ, ದನಿ ಜೋರಾಗಿ ಕೇಳುವ ಹಾಗೆ ಗುಂಡಿ ಒತ್ತಿದಳು.

"ಮೇಡಂ, ದುಡ್ಡು ಇನ್ನೂ ಬಂದಿಲ್ಲ," ಅಂತ ಬೆಣ್ಣೆಯಂಥ ದನಿ. "ಇನ್ನು ಹತ್ತೇ ನಿಮಿಷ. ಆಮೇಲೆ ಕಾರು ನಮ್ಮ ಕೈಯಲ್ಲಿಲ್ಲ."

"ಅಯ್ಯೋ ಸ್ವಾಮಿ, ಹೊರಟೆ ಹೊರಟೆ. ಮೊದಲ ಬಹುಮಾನ ಎಷ್ಟು ಜನಕ್ಕೆ ಅಂದ್ರಿ?"

"ಲಕ್ಷದಲ್ಲಿ ಒಬ್ಬರಿಗೆ ಮೇಡಂ. ಅದು ನೀವೇ."

"ಹೌದಾ! ಇಲ್ಲಿ ನಾವು ಹನ್ನೊಂದು ಜನ 'ನೀವೇ' ಇದ್ದೀವಿ."

"ಯಾರಿಗೂ ಹೇಳಬೇಡಿ ಅಂದಿದ್ದೆನಲ್ಲ ಮೇಡಂ!" ಅಂದಿತು ದನಿ, ನಿಜವಾಗಿಯೂ ನೊಂದುಕೊಂಡ ಹಾಗೆ.

"ಹೇಳಲಿಲ್ಲಪ್ಪ. ನಮ್ಮೂರಲ್ಲಿ ಕಂಡುಬಿಡುತ್ತೆ. ಒಂದು ಕೆಲಸ ಮಾಡಿ. ನಿಮ್ಮ ಶುಲ್ಕಕ್ಕೆ ಕಾರಿನ ಒಂದು ಚಕ್ರ ಬಿಚ್ಚಿ ಇಟ್ಟುಕೊಳ್ಳಿ, ಉಳಿದದ್ದು ಕಳಿಸಿ. ನಾವು ಮೂರರಲ್ಲೇ ಓಡಿಸ್ತೀವಿ."

"ಏನು ಗಾಳಿ ಸದ್ದು? ಎಲ್ಲಿದ್ದೀರಿ ನೀವು?"

"ಮೇಲೆ."

ಫೋನು ಕಟ್ಟಾಯಿತು. ಆಮೇಲೆ ಆದದ್ದನ್ನು ನನ್ನ ನೌಕರಿಯ ದೃಷ್ಟಿಯಿಂದ ಅನಾಹುತ ಅಂತಲೇ ಕರೆಯಬೇಕು. ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ನಗುತ್ತ ಹದ್ದುಗಳ ಮಟ್ಟಕ್ಕೆ ಹೋದರು. ಕೆಳಗೆ ಸೇರಿದ್ದ ಊರು ಕೂಡ ನಕ್ಕು ಗೇಣುಗೇಣು ಎದ್ದಿತ್ತು. ಶಿವನಂಜಪ್ಪ ನನ್ನ ಸೊಂಟ ಬಿಟ್ಟು ಮೇಲೆ ಹೊರಟ, ಆತನ ಪಂಚೆ ಹಿಡಿದೆ, ಪಂಚೆ ನನ್ನ ಕೈಯಲ್ಲುಳಿಯಿತು, ಚಡ್ಡಿಯಲ್ಲೇ ಹೋಗಿ ಹೆಂಡತಿಯ ಪಕ್ಕ ನಿಂತ. ಎಸೆದಿದ್ದ ನೋಟ್‌ಬುಕ್ಕು ಎತ್ತಿಕೊಂಡು ನಲ್ಲಿ ನೀರಿನ ವೇಳಾಪಟ್ಟಿಯನ್ನು ಮೂರು ಸಲ ಓದಿದೆ. "ಒಂದನೇ ವಾರ್ಡು" ಅಂದರೆ ಸಾಕು, ಅದಕ್ಕೂ ನಗುತ್ತಿದ್ದರು. ಕೊನೆಗೆ ನಕ್ಕು ನಕ್ಕು ಪಕ್ಕೆಲುಬು ನೋವು ಬಂದು, ಹೊತ್ತು ಮುಳುಗುವ ವೇಳೆಗೆ ಒಬ್ಬೊಬ್ಬರೇ ಇಳಿದರು, ಮಾಳಿಗೆಗಳ ಮೇಲೆ, ಹುಣಿಸೆಮರದ ಮೇಲೆ, ಭಟ್ಟರು ತಮ್ಮದೇ ಸೌದೆ ರಾಶಿಯ ಮೇಲೆ. ಗಿರಣಿಯಮ್ಮ ನರ್ಸಮ್ಮನ ಮಣಿಕಟ್ಟು ಬಿಟ್ಟದ್ದು ಇಬ್ಬರ ಪಾದವೂ ನೆಲಕ್ಕೆ ತಾಗಿದ ಮೇಲೇ.

ಮಾರನೆಯ ದಿನ ಎಲ್ಲರೂ ಠಾಣೆಗೆ ಹೋಗಿ ದೂರು ಬರೆಸಿದರು. ನರ್ಸಮ್ಮ ಕಟ್ಟಿದ ದುಡ್ಡನ್ನು ಅಷ್ಟರಲ್ಲಿ ಯಾರೋ ಎಲ್ಲಿಂದಲೋ ತೆಗೆದುಕೊಂಡಾಗಿತ್ತು. ಅದು ಮರಳಿ ಬಂತು ಅಂತ ಹೇಳಿದ್ದರೆ ಕೇಳುವವರಿಗೆ ಚೆನ್ನಾಗಿರುತ್ತಿತ್ತು, ಆದರೆ ಬರಲಿಲ್ಲ. ಆಕೆ ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತಳು. ಐದನೆಯ ದಿನ ಹಳೆಯ ಬಿಳಿ ಸೀರೆ ಉಟ್ಟು, ಲಸಿಕೆ ಹಾಕಲು ಹೋಗುತ್ತಿದ್ದ ಕಾಲದ ಚೀಲ ತಗಲಿಸಿಕೊಂಡು, ಮನೆಮನೆ ಹತ್ತಿಳಿದಳು. ಚೀಲದಲ್ಲಿ ಇದ್ದದ್ದು ಆ ಚೀಟಿ ಒಂದೇ. "ನೋಡಿ, ಸರಿಯಾಗಿ ಮುಟ್ಟಿ ನೋಡಿ," ಅನ್ನುತ್ತಿದ್ದಳು. "ಇದು ನನಗೆ ಬಂದು ಹೋಗಿದೆ, ನಿಮಗೆ ಬರಬಾರದು. ಆಡದ ಆಟದಲ್ಲಿ ಗೆಲುವಿಲ್ಲ. ಕೊಡೋನು ಕೇಳಲ್ಲ. ಬೇಗ ಬೇಗ ಅನ್ನೋನಿಗೂ ಗುಟ್ಟು ಗುಟ್ಟು ಅನ್ನೋನಿಗೂ ಉತ್ತರ ಕೊಡೋಕೆ ಮುಂಚೆ ಪಕ್ಕದ ಮನೆ ಬಾಗಿಲು ಬಡೀರಿ." ಮಕ್ಕಳ ತೋಳು ಹಿಡಿದು ಸೂಜಿ ಚುಚ್ಚುತ್ತಿದ್ದ ಅದೇ ಗತ್ತು. ಯಾರಿಗೂ ಎದುರಾಡುವ ಧೈರ್ಯವಿರಲಿಲ್ಲ.

ಊರಿನ ಪದ್ಧತಿಯೂ ಬದಲಾಯಿತು. ಈಗ ಯಾರಾದರೂ ಸೂರು ದಾಟಿದರೆ ಓಣಿಯೇ ಕೂಗುತ್ತದೆ, "ಯಾಕ್ರೀ?" ಮೊನ್ನೆ ದರ್ಜಿಯೊಬ್ಬ ಮೇಲಿನಿಂದ "ಬಂಗಾರದ ನಾಣ್ಯ ಬಂದಿದೆ!" ಅಂದ. ಕೆಳಗಿನಿಂದ ಮೂವತ್ತು ದನಿ, "ಟಿಕೆಟ್ ತಗೊಂಡಿದ್ಯಾ?" ಆತ ತಲೆ ಕೆರೆದುಕೊಂಡು, ತಾನೇ ನಕ್ಕು, ಏಣಿ ಇಳಿದ ಹಾಗೆ ಇಳಿದ. ನನ್ನ ಗಳ ಮೂಲೆಯಲ್ಲೇ ಇತ್ತು. ಸೊಸೆಯಂದಿರಿಗೆ ಸ್ವಲ್ಪ ಕಷ್ಟವಾಗಿದೆ, ಇಲ್ಲ ಅನ್ನಲಾರೆ.

ಇಷ್ಟೆಲ್ಲ ಆಗಿ ತಿಂಗಳಾಗಿರಬೇಕು. ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದೆ. ಹೊಸ ಕಲ್ಲು ಹಾಕಿಸಿದ್ದರು, ಹಿಟ್ಟು ರೇಷ್ಮೆಯ ಹಾಗೆ ಬೀಳುತ್ತಿತ್ತು. ಶಿವನಂಜಪ್ಪ ಕಂಬಕ್ಕೆ ಕಟ್ಟಿಸಿಕೊಂಡು ಚೀಲ ತೂಗುತ್ತ, ಇದ್ದಕ್ಕಿದ್ದಂತೆ ಹೆಂಡತಿಯನ್ನು ಕೇಳಿದ, "ಅಲ್ಲಾ, ಬಸ್ಸಲ್ಲಿ ಕೂತರೆ ವಾಂತಿ ಮಾಡೋಳು ನೀನು. ಒಂದು ಕಾರಿಗೆ ಅಷ್ಟು ಮೇಲೆ ಹೇಗೆ ಹೋದೆ?"

ಗಿರಣಿಯಮ್ಮ ಜರಡಿ ಆಡಿಸುವುದನ್ನು ನಿಲ್ಲಿಸಲಿಲ್ಲ. "ಕಾರಿಗೆ ಯಾರು ಹೋದರು? ಚೀಟಿ ಮೇಲೆ ನನ್ನ ಹೆಸರಿತ್ತು," ಅಂದಳು. "ಎಲ್ಲಿಂದ ಕದ್ದಿದ್ದರೋ ಕಳ್ಳರು, ಪೂರ್ತಿ ಹೆಸರು, ಅಚ್ಚು ಹಾಕಿತ್ತು. ಫೋನಲ್ಲೂ ಆ ಹೆಸರೇ ಹೇಳಿ ಕರೆದ. ಅದನ್ನ ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಯ್ತು ಅಂತ ಲೆಕ್ಕ ಹಾಕ್ತಾ ಇದ್ದೆ. ಅಷ್ಟರಲ್ಲಿ ನೋಡಿದರೆ ಸೂರು ಕೆಳಗಿತ್ತು."

ಆಕೆಯ ಹೆಸರು ನನಗೂ ಗೊತ್ತೇ ಇರಲಿಲ್ಲ. ಶಿವನಂಜಪ್ಪ ತೂಕದ ಕಲ್ಲನ್ನು ಎತ್ತಿದ, ಇಟ್ಟ, ಮತ್ತೆ ಎತ್ತಿದ. ಗಿರಾಕಿಗಳು ಏಳೆಂಟು ಜನ ಸಾಲಿನಲ್ಲಿ ನಿಂತಿದ್ದರು. ಮೂವತ್ತೊಂದು ವರ್ಷ "ಏಯ್" ಅಂತಲೂ "ಇವಳೇ" ಅಂತಲೂ ಕರೆದ ಗಂಟಲನ್ನು ಎರಡು ಸಲ ಸರಿಮಾಡಿಕೊಂಡು, ಗಿರಣಿಯ ಸದ್ದಿನ ಮೇಲೆ, ಎಲ್ಲರಿಗೂ ಕೇಳುವ ಹಾಗೆ ಅಂದ:

"ಸರ್ವಮಂಗಳಾ, ಈರಣ್ಣನ ರಾಗಿ ಆಯ್ತಾ ನೋಡು."

ಜರಡಿ ನಿಂತಿತು. "ಕೆಲಸದ ಹೊತ್ತಲ್ಲಿ ಏನ್ರೀ ಇದು," ಅಂದಳು ಆಕೆ, ಕಿವಿಯವರೆಗೂ ಕೆಂಪಾಗಿ. ಸೀರೆಯ ಅಂಚಿನ ಕೆಳಗೆ ಆಕೆಯ ಹಿಮ್ಮಡಿ ಕಂಡಿತು, ಆಮೇಲೆ ಬೆರಳು, ಆಮೇಲೆ ಹಿಟ್ಟು ಬಿದ್ದ ನೆಲದ ಮೇಲೆ ಎರಡು ಪಾದದ ಗುರುತು ಮಾತ್ರ. ನಾನು ಅಭ್ಯಾಸಬಲದಿಂದ, ಗೋಡೆಗೆ ಒರಗಿಸಿದ್ದ ನನ್ನ ಗಳಕ್ಕೆ ಕೈ ಹಾಕಿದೆ.

"ಗಳ ಇಡಪ್ಪ ಈರಣ್ಣ," ಅಂದಳು ಸರ್ವಮಂಗಳಮ್ಮ, ತೊಲೆ ಹಿಡಿದುಕೊಂಡು. "ನಾನೇ ಇಳೀತೀನಿ. ಸ್ವಲ್ಪ ಹೊತ್ತು ಬಿಟ್ಟು."